ಅಂಜುಬುರುಕಿಯ ಬೆಂಗಳೂರು ಸೇವೆ

ಹೆದರುವವರ ವಿಳಾಸವನ್ನು ಇಂಥ ಪ್ರಸಂಗಗಳಿಗೆ ಯಾರು ಕೊಡುತ್ತಾರೋ ಗೊತ್ತಿಲ್ಲ. ಧೈರ್ಯವಂತರ ಮನೆಗಳನ್ನೆಲ್ಲ ದಾಟಿಕೊಂಡು ನೇರ ನನ್ನ ಬಾಗಿಲಿಗೇ ಬಂದು ನಿಲ್ಲುತ್ತವೆ. ನಾನು ಹಾನಗಲ್ಲಿನವಳು, ಅಕ್ಕಿಆಲೂರಿನ ಶಾಲೆಯೊಂದರಲ್ಲಿ ಟೀಚರು. ಹಲ್ಲಿಗೆ ಅಂಜುತ್ತೇನೆ, ಲಿಫ್ಟಿಗೆ ಅಂಜುತ್ತೇನೆ. ಫೋನು ಬಂದರೆ ಏನು ಕೆಟ್ಟ ಸುದ್ದಿಯೋ ಎಂದು ಅಂಜುತ್ತೇನೆ, ಬಾರದಿದ್ದರೆ ಯಾಕೆ ಬರಲಿಲ್ಲವೋ ಎಂದು ಅಂಜುತ್ತೇನೆ. ಇಂಥ ನನ್ನ ಕೈಗೆ ನಮ್ಮ ಸಣ್ಣ ಚರ್ಚಿನ ತರುಣ ತರುಣಿಯರನ್ನು ಒಪ್ಪಿಸಿ, ಒಂದು ವಾರದ ಸೇವೆಗೆಂದು ಬೆಂಗಳೂರಿಗೆ ಕಳಿಸಿದರು. ಸೇವೆ ಹೇಗಾಯಿತು ಎಂದು ಈಗಲೂ ಜನ ಕೇಳುತ್ತಾರೆ. ಸೇವೆ ಚೆನ್ನಾಗಿಯೇ ಆಯಿತು. ಅದಕ್ಕೆ ಮೊದಲು ಆದದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಎತ್ತಿದ ಕೈ

ಅದೊಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಪಾಸ್ಟರು ಸಭೆಯ ಮುಂದೆ ನಿಂತು, "ಈ ಸಲ ನಮ್ಮ ಹುಡುಗರು ಬೆಂಗಳೂರಿಗೆ ಹೋಗಿ ಒಂದು ವಾರ ದೊಡ್ಡಾಸ್ಪತ್ರಿ ಕಡೆ ಸೇವಾ ಮಾಡಿ ಬರ್ತಾರ. ಕರಕೊಂಡು ಹೋಗೋರು ಒಬ್ರು ಬೇಕು. ಯಾರು ಬರ್ತೀರಿ?" ಎಂದರು.

ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು. ನಾನು ಮಾತ್ರ, ಅಷ್ಟು ದೂರ ಯಾಕೆ, ಹಾವೇರಿಯಲ್ಲೇ ಆಸ್ಪತ್ರೆ ಇದೆಯಲ್ಲ ಎಂದು ಕೇಳೋಣವೆಂದು ಕೈ ಎತ್ತಿದೆ. ಕೈ ಕಿವಿಯ ಮಟ್ಟಕ್ಕೂ ಹೋಗಿರಲಿಲ್ಲ, ಪಾಸ್ಟರು "ಹಲ್ಲೆಲೂಯಾ!" ಎಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ಅಜ್ಜಿಯೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತೇಬಿಟ್ಟರು.

ಎಲ್ಲರೂ ಹೋದ ಮೇಲೆ ಪಾಸ್ಟರ ಬಳಿ ಹೋಗಿ, "ಪಾಸ್ಟರ್ರ, ನಾ ಕೈ ಎತ್ತಿದ್ದು ಒಂದು ಪ್ರಶ್ನೆ ಕೇಳಾಕ್ರಿ" ಎಂದೆ.

"ಅಂಥೋರ ಬೇಕಾಗಿತ್ರಿ ಅಕ್ಕೋರ," ಎಂದರು ಅವರು. "ಬೆಂಗಳೂರಾಗ ಹೆಜ್ಜಿಗೊಮ್ಮೆ ಹಾದಿ ಕೇಳಬೇಕಾಗ್ತೈತಿ."

ದುಂಡಸಿಯ ಅಪ್ಪ

ಹುಡುಗರ ಮನೆಮನೆಗೆ ಹೋಗಿ ಒಪ್ಪಿಗೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರಿಗಿಂತ ಕಷ್ಟದವರು ದುಂಡಸಿಯ ಒಬ್ಬ ರೈತರು, ನಮ್ಮ ಗುಂಪಿನ ಹುಡುಗಿಯೊಬ್ಬಳ ಅಪ್ಪ. ಮಗಳನ್ನು ಶಿಗ್ಗಾಂವಿಯ ಕಾಲೇಜಿಗೆ ಕಳಿಸುವಾಗಲೂ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡುವ ಮನುಷ್ಯ.

ನಾನು ಹೋದಾಗ ಅವರ ಮನೆಯ ಹೊಸ್ತಿಲಲ್ಲೇ ಒಂದು ನಾಯಿ ಮಲಗಿತ್ತು. ನಾನು ಅಂಗಳದಲ್ಲೇ ನಿಂತೆ. ಹುಡುಗಿ ಬಂದು ನನ್ನ ಕೈ ಹಿಡಿದು, ನಾಯಿಯನ್ನು ದಾಟಿಸಿ, ಒಳಗಿನ ಹಗ್ಗದ ಹೊರಸಿನ ಮೇಲೆ ಕೂರಿಸಿದಳು. ಅಪ್ಪ ಎದುರಿಗೆ ಕೂತು ವಿಚಾರಣೆ ಶುರುಮಾಡಿದರು. ಉಳಿಯೋದೆಲ್ಲಿ? ಬಾಗಿಲಿಗೆ ಚಿಲಕ ಐತೇನು? ಚಿಲಕ ಒಳಗಡೆ ಐತೋ ಹೊರಗಡೆ ಐತೋ? ರಾತ್ರಿ ಕರೆಂಟ್ ಹೋದರೆ ಏನು ಮಾಡ್ತೀರಿ? ನಾನು ಎಲ್ಲದಕ್ಕೂ ಗಟ್ಟಿ ದನಿಯಲ್ಲಿ, ದೊಡ್ಡ ಅನುಭವಸ್ಥಳ ಹಾಗೆ ಉತ್ತರ ಕೊಡುತ್ತಿದ್ದೆ. "ನೀವೇನ್ ಚಿಂತಿ ಮಾಡಬ್ಯಾಡ್ರಿ, ನಾ ಇರ್ತೇನಲ್ಲ. ನನ್ನ ಸ್ವಂತ ಮಗಳಂಗ ಕಾಯ್ತೇನಿ" ಎನ್ನುವಷ್ಟರಲ್ಲಿ ನಾಯಿ ಎದ್ದು ಆಕಳಿಸಿತು.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಮೈಮೇಲೆ ಎಚ್ಚರ ಬಂದಾಗ ನಾನು ಹೊರಸಿನ ಮೇಲೆ ನಿಂತು, ಹುಡುಗಿಯ ಹೆಗಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

"ಅದು ಮುದೇದು ಐತ್ರಿ, ಹಲ್ಲ ಇಲ್ಲ ಅದಕ್ಕ," ಎಂದರು ಅಪ್ಪ.

ಕೆಲಸ ಕೆಟ್ಟಿತು ಎಂದುಕೊಂಡು ಇಳಿದೆ. ಹುಡುಗಿ ಮತ್ತೆ ಕೈ ಹಿಡಿದು ನನ್ನನ್ನು ಬಸ್ ನಿಲ್ಲುವ ಜಾಗದವರೆಗೆ ಬಿಟ್ಟು ಬರಲು ಹೊರಟಳು. ಅಪ್ಪ ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಒಳಗೆ ಹೆಂಡತಿಗೆ ಕೇಳುವ ಹಾಗೆ ಹೇಳಿದರು: "ಕಳಸೂಣ ಬಿಡ. ಇವಳು ಹೋಗದಿದ್ರ ಅಕ್ಕೋರನ್ನ ನೋಡಿಕೊಳ್ಳೋರ್ಯಾರು?"

ಶವಾಗಾರದ ಸೇವೆ

ಆಸ್ಪತ್ರೆಯಲ್ಲಿ ನಾವು ಮಾಡಬೇಕಾದ ಸೇವೆ ಯಾವುದು ಎನ್ನುವುದು ಪಾಸ್ಟರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿ ನಮ್ಮನ್ನು ಬರಮಾಡಿಕೊಳ್ಳುವ ಹೆಂಗಸಿನ ನಂಬರ್ ಕೊಟ್ಟು, "ನೀವ ಕೇಳ್ರಿ" ಎಂದರು. ಧೈರ್ಯ ತಂದುಕೊಂಡು ಫೋನ್ ಮಾಡಿದೆ. ಆಕೆ ಬೆಂಗಳೂರಿನ ಮೆತ್ತಗಿನ ಕನ್ನಡದಲ್ಲಿ, "ತುಂಬಾ ಸಂತೋಷ ಮೇಡಂ. ಆ ಕೆಲಸಕ್ಕೆ ಯಾರೂ ಬರಲ್ಲ. ನಿಮ್ಮ ಹುಡುಗರನ್ನೆಲ್ಲ ಶವಾಗಾರದ..." ಎಂದಳು. ಅಷ್ಟಕ್ಕೆ ಫೋನು ಕಟ್ಟಾಯಿತು.

ತಿರುಗಿ ಮಾಡಬಹುದಿತ್ತು. ಆದರೆ ಮುಂದಿನ ಮಾತು ಕೇಳುವ ಧೈರ್ಯ ಯಾರಿಗಿತ್ತು?

ಹುಡುಗರಿಗೆ ಹೇಳಿದೆ. ನರ್ಸಿಂಗ್ ಓದುವ ಹಿರೇಕೆರೂರಿನ ಹುಡುಗಿ, "ಮೈ ತೊಳಸ್ತಾರೇನಕ್ಕಾ?" ಎಂದು ಕೇಳಿದಳು. ಸವಣೂರಿನಿಂದ ಬರುವ ತರುಣನೊಬ್ಬನಿದ್ದ; ಜಿಮ್ಮಿಗೆ ಹೋಗಿ ತೋಳು ಬೆಳೆಸಿದವನು. ಅವನೊಬ್ಬ ಮಾತ್ರ, "ಹೆಣ ಏನ್ ಮಾಡ್ತಾವಕ್ಕಾ? ಜೀವ ಇದ್ದೋರಿಗೆ ಅಂಜಬೇಕು" ಎಂದ. ಆದರೂ ಉಳಿದವರ ಮುಖ ನೋಡಿ ಪಾಸ್ಟರು ಒಂದು ಉಪಾಯ ಹೇಳಿದರು. ನಮ್ಮ ಸಮಾಧಿ ಭೂಮಿಯಲ್ಲಿ ಹಾಡುಹಗಲೇ ಕೂತು ಹಾಡು ಹಾಡಿ ಪ್ರಾರ್ಥನೆ ಮಾಡೋಣ, ಅಂಜಿಕೆ ತಾನಾಗಿ ಬಿಡುತ್ತದೆ.

ಮಧ್ಯಾಹ್ನ ಬೇವಿನ ನೆರಳಲ್ಲಿ ಎಲ್ಲರೂ ಕೂತೆವು. ಮೊದಲ ಚರಣ ಸಲೀಸಾಗಿ ಹೋಯಿತು. ಎರಡನೇ ಚರಣಕ್ಕೆ ನನಗೂ ಧೈರ್ಯ ಬಂದ ಹಾಗಾಗಿ ದನಿ ಏರಿಸಿದೆ. ಅಷ್ಟರಲ್ಲಿ ನಮ್ಮ ಎದುರಿನ ಗೋರಿಯ ಹಿಂದಿನಿಂದ ಮಣ್ಣು ಮೆತ್ತಿದ ತಲೆಯೊಂದು ನಿಧಾನಕ್ಕೆ ಮೇಲೆದ್ದು, "ಯಾರು ತೀರಿಕೊಂಡ್ರಿ?" ಎಂದು ಕೇಳಿತು.

ಹುಲ್ಲು ಕೀಳಲು ಬಂದಿದ್ದ ಆಳು ಅವನು, ಕೆಲಸ ಬಿಟ್ಟು ನೆರಳಿಗೆ ಮಲಗಿದ್ದನಂತೆ. ಅದು ನಮಗೆ ತಿಳಿದದ್ದು ಮುಖ್ಯ ರಸ್ತೆ ಮುಟ್ಟಿದ ಮೇಲೆ. ಅಲ್ಲಿ ಪಾಸ್ಟರು ನಮಗಿಂತ ಮೊದಲೇ ಬಂದು ನಿಂತಿದ್ದರು.

ಮರುದಿನ ಬೆಂಗಳೂರಿನ ಆ ಹೆಂಗಸೇ ಫೋನ್ ಮಾಡಿದಳು. ಶವಾಗಾರದ ಪಕ್ಕದಲ್ಲಿ ಅವರದೊಂದು ಅಡುಗೆಮನೆಯಂತೆ. ತಮ್ಮವರ ದೇಹಕ್ಕಾಗಿ ಹೊರಗೆ ಕಾಯುತ್ತಾ ಕೂತವರಿಗೆ ಅನ್ನ ಸಾರು ಕೊಡುವುದು. "ಎಲ್ಲಿಂದಲೋ ಬಂದಿರ್ತಾರೆ ಮೇಡಂ, ಹಸಿವೇ ಮರೆತಿರ್ತಾರೆ. ಪಕ್ಕದಲ್ಲಿ ಕೂತು ಒಂದು ತುತ್ತು ತಿನ್ನಿ ಅನ್ನೋಕೆ ಜನ ಬೇಕು ನಮಗೆ," ಎಂದಳು. ಹುಡುಗರನ್ನು ಕೂರಿಸಿಕೊಂಡು ಅವಳ ಮಾತನ್ನು ಹಾಗೇ ಹೇಳಿದೆ. ನಾವೆಲ್ಲ ಹೋಗಲೇಬೇಕು ಎಂದು ಮನಸ್ಸಿಗೆ ಬಂದದ್ದು ಆ ಹೊತ್ತಿನಲ್ಲೇ.

"ಬೆಳಿಗ್ಗೆ ಮಾತ್ರ ಉಳ್ಳಾಗಡ್ಡಿ ಹೆಚ್ಚಿ ಕೊಡಬೇಕಂತ, ಚೀಲಗಟ್ಟಲೆ," ಎಂದು ಮಾತು ಮುಗಿಸಿದೆ.

ಈರುಳ್ಳಿ ಎಂದದ್ದೇ ಸವಣೂರಿನ ಪೈಲ್ವಾನನ ಮುಖ ಬಿಳಿಚಿತು. "ಅಕ್ಕಾ," ಎಂದ ಸಣ್ಣ ದನಿಯಲ್ಲಿ, "ಅದಕ್ಕಿಂತ ಹೆಣಾನ ಛಲೋ ಇದ್ವಲ್ಲ."

ರಸ್ತೆ ದಾಟುವ ತಾಲೀಮು

ಬೆಂಗಳೂರಿನ ಗಾಡಿಗಳನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹುಡುಗರಿಗೆ ಮೊದಲೇ ರಸ್ತೆ ದಾಟುವ ತಾಲೀಮು ಕೊಡಬೇಕೆಂದು ತೀರ್ಮಾನಿಸಿದೆ. ನಮ್ಮ ಕಡೆ ಬೆಂಗಳೂರಿನಷ್ಟು ಗದ್ದಲ ಎಲ್ಲಿ ಸಿಗುತ್ತದೆ? ಹಿರೇಕೆರೂರಿನ ಸಂತೆಯ ದಿನ ಸಿಗುತ್ತದೆ. ಎಲ್ಲರನ್ನೂ ಅಲ್ಲಿಗೇ ಕರೆಸಿದೆ.

"ಎಲ್ಲಾರೂ ಒಬ್ಬರ ಕೈ ಒಬ್ಬರು ಹಿಡೀರಿ. ನಾ ಹೇಳಿದಾಗ ಒಟ್ಟಿಗೆ ಹೆಜ್ಜಿ ಇಡ್ರಿ," ಎಂದು ಹೇಳಿ ರಸ್ತೆಗಿಳಿದೆವು. ಅರ್ಧ ದಾರಿಗೆ ಬರುವಷ್ಟರಲ್ಲಿ ಗೋವಿನಜೋಳ ಹೇರಿಕೊಂಡ ಟ್ರ್ಯಾಕ್ಟರೊಂದು ಎದುರಿಗೆ ಬಂತು. ನನ್ನ ಕಾಲು ಅಲ್ಲೇ ಮರಗಟ್ಟಿದವು. ನಾನು ನಿಂತ ಮೇಲೆ ಕೈ ಹಿಡಿದವರೆಲ್ಲ ನಿಂತರು. ಟ್ರ್ಯಾಕ್ಟರು ನಿಂತಿತು. ಅದರ ಹಿಂದೆ ಹಾವೇರಿ ಬಸ್ಸು, ಅದರ ಹಿಂದೆ ಹತ್ತಿ ಲಾರಿ, ಎಲ್ಲ ನಿಂತವು. ಹಾರ್ನುಗಳು ಶುರುವಾದಷ್ಟೂ ನಾನು ಪಕ್ಕದವರ ಕೈ ಗಟ್ಟಿಯಾಗಿ ಹಿಡಿದೆ.

ರಸ್ತೆಯ ಪಕ್ಕದಲ್ಲಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡಿ ಸರಸರನೆ ಬಂದು ನಮ್ಮ ಸಾಲಿನ ಕೊನೆಯವನ ಕೈ ಹಿಡಿದುಕೊಂಡರು. ಮುಷ್ಟಿ ಎತ್ತಿ, "ಗೋವಿನಜೋಳಕ್ಕ ರೇಟು ಬೇಕೇ ಬೇಕು!" ಎಂದು ಕೂಗಿದರು. ಸಂತೆಗೆ ಬಂದ ನಾಲ್ಕಾರು ಜನ ಓಡಿ ಬಂದು ಸೇರಿಕೊಂಡರು. ಒಂದು ಅಂಗಡಿಯವನು ಎಚ್ಚರಿಕೆಗೆಂದು ಅರ್ಧ ಶಟರ್ ಇಳಿಸಿಯೂ ಬಿಟ್ಟ.

ಅಷ್ಟೊತ್ತಿಗೆ ಪೊಲೀಸಪ್ಪ ಬಂದ.

"ಯಾವ ಸಂಘಟನಾ ನಿಮ್ಮದು? ಹೋರಾಟಕ್ಕ ಪರ್ಮಿಶನ್ ತಗೊಂಡೀರೇನು?"

"ಹೋರಾಟ ಅಲ್ರಿ ಸಾಹೇಬ್ರ. ರಸ್ತೆ ದಾಟಾಕತ್ತೇವ್ರಿ."

"ಇಷ್ಟು ಮಂದಿ ರಸ್ತೆ ದಾಟಿ ಹೋಗೋದೆಲ್ಲಿಗೆ?"

ಹೆದರಿದಾಗ ನನ್ನ ಬಾಯಲ್ಲಿ ಸುಳ್ಳು ಬರುವುದಿಲ್ಲ. "ಬೆಂಗಳೂರಿಗ್ರಿ" ಎಂದೆ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ದನಿ ಮೆತ್ತಗಾಯಿತು. "ಬಸ್ ಸ್ಟ್ಯಾಂಡ್ ನೀವು ಬಂದ ಕಡೆನ ಐತಲ್ಲ ಯವ್ವಾ. ಹೊಳ್ಳಿ ಹೋಗ್ರಿ."

ಕಂಬದ ಆಚೆ

ಅಂತೂ ಹಾವೇರಿಯಲ್ಲಿ ರೈಲು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆವು. ಇಳಿಯುವ ಮೊದಲು ನಾನು ಎರಡು ಕೆಲಸ ಮಾಡಿದೆ. ಕಿಸೆಗಳ್ಳರ ಭಯಕ್ಕೆ ಎಲ್ಲರ ಮೊಬೈಲುಗಳನ್ನೂ ಇಸಕೊಂಡು ನನ್ನ ಬ್ಯಾಗಿಗೆ ಹಾಕಿಕೊಂಡೆ. ಆಮೇಲೆ ಒಂದು ನಿಯಮ ಹೇಳಿದೆ. "ಯಾರಿಗರೆ ನಾ ಕಾಣಲಿಲ್ಲ ಅಂದ್ರ ಹುಡುಕಾಕ ಹೋಗಬ್ಯಾಡ್ರಿ. ನಿಂತಲ್ಲೇ ನಿಲ್ರಿ. ನಾನ ಬಂದು ಹೆಸರು ಹಿಡಿದು ಕರಿಯೋತನಕ ಒಂದ್ ಹೆಜ್ಜಿನೂ ಇಡಬ್ಯಾಡ್ರಿ." ಎಲ್ಲರಿಂದಲೂ ಮೂರು ಮೂರು ಸಲ ಹೇಳಿಸಿದೆ.

ಸ್ಟೇಷನ್ನಿನೊಳಗೆ ಒಂದು ದಪ್ಪ ಕಂಬದ ಹತ್ತಿರ ಅವರನ್ನು ನಿಲ್ಲಿಸಿ, ಹೊರಗೆ ಹೋಗುವ ದಾರಿ ಕೇಳಲು ಹೋದೆ. ತಿರುಗಿ ಬಂದೆ. ಕಂಬ ಇತ್ತು. ಹುಡುಗರಿರಲಿಲ್ಲ.

ನೆಲ ಬಾಯಿಬಿಟ್ಟ ಹಾಗಾಯಿತು. ಎಲ್ಲಿ ನೋಡಿದರೂ ಜನ, ಎಲ್ಲರೂ ಓಡುವವರೇ. ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಓಡಿ ಹುಡುಕೋಣವೆಂದರೆ ನಾನೂ ಕಳೆದುಹೋಗುತ್ತೇನೆ. ಕಳೆದವರು ನಿಂತಲ್ಲೇ ನಿಲ್ಲಬೇಕು ಎಂದು ನಾನೇ ಹೇಳಿದ್ದೆನಲ್ಲ, ಅದಕ್ಕೆ ಕಂಬಕ್ಕೆ ಬೆನ್ನು ಹಚ್ಚಿ ನಿಂತೆ. ಕಣ್ಣಲ್ಲಿ ನೀರು ಬಂತು. ಊರಿಗೆ ಹೋಗಿ ಯಾರ ಮನೆಯ ಬಾಗಿಲಲ್ಲಿ ಹೇಗೆ ನಿಲ್ಲಲಿ, ಯಾವ ತಾಯಿಗೆ ಏನೆಂದು ಹೇಳಲಿ? "ಕರ್ತನೇ, ಒಬ್ಬೊಬ್ಬರನ್ನಾದರೂ ತಂದು ನಿಲ್ಲಿಸು" ಎಂದು ಬೇಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಬ್ಯಾಗು ಬಡಕೊಳ್ಳಲು ಶುರುಮಾಡಿತು. ಮಕ್ಕಳು ಮುಟ್ಟಿದರೋ ಇಲ್ಲವೋ ಎಂದು ಊರಿನಿಂದ ಅವ್ವ ಅಪ್ಪಂದಿರ ಫೋನುಗಳು. ಒಂದರಲ್ಲಿ ಕೀರ್ತನೆ, ಒಂದರಲ್ಲಿ ಕೋಳಿ ಕೂಗು, ಒಂದರಲ್ಲಿ ಕೂಸಿನ ನಗು. ಒಂದು ನಿಂತರೆ ಇನ್ನೊಂದು. ಎತ್ತಿ ಏನು ಹೇಳುವುದು? ಬ್ಯಾಗನ್ನು ಎದೆಗೆ ಅವುಚಿಕೊಂಡು ಸದ್ದು ಅಡಗಿಸಲು ನೋಡಿದೆ.

ಇದು ಮಹಿಳಾ ಪೊಲೀಸೊಬ್ಬರ ಕಣ್ಣಿಗೆ ಬಿತ್ತು.

"ಏನಮ್ಮಾ, ಬ್ಯಾಗ್ ತೆಗಿ. ಅಬ್ಬಾ! ಇಷ್ಟೊಂದು ಫೋನ್ ಯಾರದು?"

"ನಮ್ಮ ಹುಡುಗರದ್ರಿ."

"ಹುಡುಗರೆಲ್ಲಿ?"

"ಕಳದಾರ್ರೀ," ಎಂದು ಬಿಕ್ಕಿದೆ.

"ಹುಡುಗರೆಲ್ಲ ಕಳೆದುಹೋದ್ರು, ಫೋನ್ ಮಾತ್ರ ನಿನ್ ಹತ್ರ ಉಳೀತು. ಅಲ್ವಾ? ನಡಿ ಠಾಣೆಗೆ."

ನಾನು ಸೇವೆಗೆ ಬಂದವಳು ಎಂದೆ. ಎಲ್ಲಿ ಎಂದರು. ಶವಾಗಾರದಲ್ಲಿ ಎಂದೆ. ಅವರು ನನ್ನ ರಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಹಾಗೇ ನಡೆಸಿಕೊಂಡು ಕಂಬ ಸುತ್ತಿ ಆ ಬದಿಗೆ ಬಂದರೆ, ನಮ್ಮ ಹುಡುಗರೆಲ್ಲ ಅಲ್ಲೇ ಇದ್ದರು! ಚೀಲ ಹೆಗಲಿಗೇರಿಸಿ, ಸಾಲಾಗಿ, ಮಿಸುಕಾಡದೆ ನಿಂತಿದ್ದರು. ನಾನು ಯಾವ ಬದಿಯಿಂದ ಹೋಗಿದ್ದೆನೋ ಅದರ ಇನ್ನೊಂದು ಬದಿಗೆ ಬಂದು ನಿಂತಿದ್ದೆ, ಅಷ್ಟೇ.

ನಾನು ಬೆರಳು ಮಾಡಿ ತೋರಿಸಿದ್ದಕ್ಕೆ ಪೊಲೀಸಮ್ಮ ಬೆರಗಾಗಿ ಹುಡುಗರ ಕಡೆ ತಿರುಗಿದರು. "ಇವರು ನಿಮ್ಮವರಾ? ಕಂಬದ ಆ ಕಡೆನೇ ನಿಂತು ಅಳ್ತಿದ್ರಲ್ರೋ! ನಿಮ್ಮ ಫೋನೆಲ್ಲ ಬಡ್ಕೊಳ್ತಿತ್ತು. ಕೇಳಿಸ್ಲಿಲ್ವಾ?"

"ಕೇಳಸ್ತಿತ್ರಿ ಮೇಡಂ," ಎಂದಳು ನರ್ಸಿಂಗ್ ಹುಡುಗಿ, ನಿಂತಲ್ಲಿಂದ ಕದಲದೆ. "ಅಕ್ಕನ ಸೆರಗೂ ಕಾಣ್ತಿತ್ರಿ. ಆದ್ರ ಹೆಸರು ಹಿಡಿದು ಕರಿಯೋತನಕ ಒಂದ್ ಹೆಜ್ಜಿನೂ ಇಡಬ್ಯಾಡ್ರಿ ಅಂದಾರ. ಅವರು ಇನ್ನೂ ಕರದಿಲ್ರಿ."