ಒಂಬತ್ತು ಯಾರದು?

ಊರಿನವರ ನೆಟ್ ಸರಿಮಾಡುವ ಕೆಲಸ ನನ್ನದು. ನೆಟ್ ಸರಿಹೋಗುವ ದಿನವೂ ಇರುತ್ತದೆ, ಹೋಗದ ದಿನವೂ ಇರುತ್ತದೆ. ನಗು ಬಾರದ ದಿನ ಮಾತ್ರ ಇನ್ನೂ ಬಂದಿಲ್ಲ.

ಅರಸೀಕೆರೆಯ ಸಣ್ಣ ಇಂಟರ್‌ನೆಟ್ ಕಂಪನಿ ನಮ್ಮದು. ಮಾಲೀಕರು ಮತ್ತು ನಾನು, ಇಬ್ಬರೇ. ಬೇಲೂರು, ಹಳೇಬೀಡಿಗೂ ನಾನೇ ಓಡಬೇಕು. ನನ್ನ ಆಯುಧ ಲ್ಯಾಪ್‌ಟಾಪಿನಲ್ಲಿರುವ ಒಂದು ಸಾಫ್ಟ್‌ವೇರ್, ಪ್ಯಾಕೆಟ್ ಕ್ಯಾಪ್ಚರ್ ಅಂತಾರೆ. ನೆಟ್‌ನಲ್ಲಿ ಯಾವ ಯಂತ್ರ ಯಾವುದನ್ನು ಮಾತಾಡಿಸಿತು, ಅದಕ್ಕೆ ಉತ್ತರ ಬಂತೋ ಇಲ್ಲವೋ ಎಲ್ಲವನ್ನೂ ಹಿಡಿದು ಸಾಲುಸಾಲಾಗಿ ತೋರಿಸುತ್ತದೆ. ಇದನ್ನು ಅತ್ತೆಗೆ ವಿವರಿಸಿದಾಗ ಅವರು ಅವರೆಕಾಯಿ ಸುಲಿಯುತ್ತಲೇ ಹೇಳಿದರು: "ಜಗಲಿ ಮೇಲೆ ಕೂತು ನಾನು ಬಿಟ್ಟಿ ಮಾಡೋ ಕೆಲಸಕ್ಕೆ ನಿನಗೆ ಸಂಬಳ ಬೇರೆ ಕೊಡ್ತಾರಲ್ಲೇ."

ನಾನಿದ್ದರೆ ನೆಟ್ ಇರುತ್ತದೆ

ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಿಂದ ದೂರು ಬಂತು. "ಕಂಪ್ಯೂಟರಲ್ಲಿ ರೇಟು ನೋಡ್ತಾ ಕೂತಿದ್ದಂಗೇ ನೆಟ್ ಹೊರಟೋಗುತ್ತೆ ಕಣಮ್ಮ" ಅಂದರು ಮಂಡಿ ಯಜಮಾನರು.

ನಮ್ಮ ಮಾಲೀಕರಿಗೆ ಗಾಬರಿ. "ಮೇಡಂ, ಆ ಮಂಡಿ ನಮ್ಮನ್ನ ಬಿಟ್ಟರೆ ಅವರ ಬೀಗರು, ಷಡ್ಡಕರು, ಕಣಕಟ್ಟೆಯ ಅಣ್ಣತಮ್ಮಂದಿರು ಎಲ್ಲ ಒಟ್ಟಿಗೇ ಬಿಡ್ತಾರೆ. ಆಮೇಲೆ ನಾನು ಎಳನೀರು ಮಾರಬೇಕು, ನೀವು ಕೊಚ್ಚಿ ಕೊಡಬೇಕು."

ಹೋದೆ. ಲ್ಯಾಪ್‌ಟಾಪ್ ತೆರೆದು, "ಈ ಮಂಡಿಯ ನೆಟ್‌ನಲ್ಲಿ ಏನೇನು ನಡೆಯುತ್ತೋ ಎಲ್ಲ ಇದರಲ್ಲಿ ಕಾಣುತ್ತೆ" ಅಂದೆ. ಮಾತು ಮುಗಿಯುವುದರೊಳಗೆ ಅಲ್ಲಿದ್ದವರ ಫೋನುಗಳೆಲ್ಲ ಜೇಬು ಸೇರಿದವು. ವಯಸ್ಸಾದ ಗುಮಾಸ್ತರು "ಈಗ ಬಂದೆ" ಅಂತ ಗೋಡೌನಿಗೆ ಹೋಗಿ ಬಂದರು. ಗೋಡೆಯ ಮೇಲಿನ ಕ್ಯಾಮೆರಾ ತೋರಿಸಿ ವಿಚಾರಿಸಿದೆ. ಉತ್ತರ ಕೊಟ್ಟದ್ದು ಆ ಗುಮಾಸ್ತರೇ: "ಅದು ಕೆಟ್ಟಿದೆ ಮೇಡಂ. ಬೇರೆಯವರು ಹಾಕಿದ್ದು, ನಿಮಗ್ಯಾಕೆ ಅದರ ಗೊಡವೆ."

ಮಧ್ಯಾಹ್ನದವರೆಗೂ ಕೂತೆ. ನೆಟ್ ಒಮ್ಮೆಯೂ ಹೋಗಲಿಲ್ಲ. ಹೊರಟು ಬಸ್ ಸ್ಟ್ಯಾಂಡ್ ಮುಟ್ಟಿರಲಿಲ್ಲ, ಫೋನ್ ಬಂತು: "ಹೋಯ್ತು ಕಣಮ್ಮ."

ಎರಡನೇ ಸಲವೂ ಹೀಗೇ ಆಯಿತು. ಯಜಮಾನರು ನಗಲಿಲ್ಲ. "ನೆಟ್ ಜೊತೆಗೆ ನಿಮ್ಮನ್ನೂ ಇಲ್ಲೇ ಫಿಟ್ ಮಾಡ್ತಾರಾ ಕೇಳಿ. ಇಲ್ಲ ಅಂದ್ರೆ ಈ ವಾರ ನೋಡ್ತೀನಿ, ಆಮೇಲೆ ಬೇರೆ ಕಂಪನಿ ಹಾಕ್ಸ್ತೀನಿ."

ಲಾಡ್ಜಿನ ಕಳ್ಳ

ಆ ವಾರದಲ್ಲೇ ಬೇಲೂರಿನ ಲಾಡ್ಜೊಂದರ ಕರೆ ಬಂತು. ಬಂದ ಪ್ರವಾಸಿಗರಿಗೆಲ್ಲ ನೆಟ್ ನಿಧಾನವಂತೆ. ಸಾಫ್ಟ್‌ವೇರ್ ಓಡಿಸಿದೆ. ಯಾವುದೋ ಒಂದೇ ಯಂತ್ರ ಬೆಳಗಿನಿಂದ ಎಡೆಬಿಡದೆ ವಿಡಿಯೋ ಎಳೆಯುತ್ತಿತ್ತು.

ಲಾಡ್ಜಿನ ಓನರ್ ತೋಳೇರಿಸಿದರು. "ಯಾವ ರೂಮು ಹೇಳಿ ಮೇಡಂ. ಲಗೇಜ್ ಸಮೇತ ಆಚೆ ಹಾಕ್ತೀನಿ."

ಆ ಯಂತ್ರದ ವೈರಿನ ಜಾಡು ಹಿಡಿದು ಮೆಟ್ಟಿಲು ಹತ್ತಿದೆವು. ಅದು ಯಾವ ರೂಮಿಗೂ ಹೋಗದೆ ಮೇಲಿನ ಅವರದೇ ಮನೆಯ ಹಾಲ್ ತಲುಪಿತು. ಅವರ ಹೆಂಡತಿ ಟಿವಿ ಮುಂದೆ ಸೊಪ್ಪು ಬಿಡಿಸುತ್ತಾ ಹಳೇ ಧಾರಾವಾಹಿಯೊಂದನ್ನು ಮೊದಲಿನಿಂದ ನೋಡುತ್ತಿದ್ದರು. "ಏನ್ರೀ ಅದು?" ಅಂತ ತಿರುಗಿದರು.

"ಏನಿಲ್ಲ ಕಣೇ, ಮೇಡಮ್ಮಿಗೆ ಕಾಫಿ ಬೇಕಂತೆ" ಅಂದರು ಓನರ್. ಕೆಳಗಿಳಿದ ಮೇಲೆ ದನಿ ತಗ್ಗಿಸಿ, "ದೇವಸ್ಥಾನ ನೋಡೋಕೆ ಬಂದವರಿಗೆ ನೆಟ್ ಯಾಕೆ ಬೇಕು, ನೀವೇ ಹೇಳಿ" ಅಂದರು.

ಕರೀ ಗೆರೆ

ಮಾರನೇ ದಿನ ಹಳೇಬೀಡಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳು ಅರ್ಧದಲ್ಲೇ ನಿಲ್ಲುತ್ತಿದ್ದವು. ಪರದೆ ಮೇಲೆ ಬಣ್ಣದ ಗೆರೆಗಳು ಹರಿಯತೊಡಗಿದವು, ನಡುನಡುವೆ ಕಪ್ಪು. ಹುಲಿಕೆರೆಯಿಂದ ಬಂದಿದ್ದ ಅಜ್ಜ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಕರೀ ಗೆರೆ ಅಂದ್ರೆ ಏನವ್ವ?"

"ಉತ್ತರ ಬಂದಿಲ್ಲ ಅಂತ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಾ ಇದೆ ಅಜ್ಜ."

ಅಜ್ಜ ಕೈಯಲ್ಲಿದ್ದ ಪಿಂಚಣಿ ಕಾಗದವನ್ನು ಮಡಚಿದರು. "ಹಂಗಾದ್ರೆ ನಾನೂ ಕರೀ ಗೆರೇನೇ ಬುಡವ್ವ."

ನಗುತ್ತಿದ್ದಾಗಲೇ ಮಾಲೀಕರ ಫೋನ್ ಬಂತು. "ಮೇಡಂ, ನಾಳೆ ಮಂಡಿಗೆ ಬೇರೆ ಕಂಪನಿಯವರು ಬರ್ತಾರಂತೆ. ಎಳನೀರಿಗೆ ಮಚ್ಚು ತಗೊಳ್ಳಲಾ?"

ಒಂಬತ್ತು

ಮಾರನೇ ದಿನ ಯಾರಿಗೂ ಹೇಳದೆ, ಊಟದ ಹೊತ್ತಿಗೆ ಮಂಡಿಗೆ ನುಗ್ಗಿದೆ. ಯಜಮಾನರೊಬ್ಬರೇ ಇದ್ದರು. ಲ್ಯಾಪ್‌ಟಾಪ್ ತೆರೆದ ಸ್ವಲ್ಪ ಹೊತ್ತಿಗೆ ನೆಟ್ ಹೋಯಿತು. ನನಗಾದ ಸಂತೋಷ ನೋಡಿ ಅವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

ಪರದೆಯಲ್ಲಿ ಜಗಳ ನಡೆದಿತ್ತು. ನೆಟ್‌ನಲ್ಲಿ ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ನಂಬರು ಇರುತ್ತದೆ. ಇಲ್ಲಿ "ಒಂಬತ್ತು ಯಾರದು?" ಅಂತ ಕೇಳಿದರೆ ಯಜಮಾನರ ಕಂಪ್ಯೂಟರ್ "ನಂದು" ಅನ್ನುತ್ತಿತ್ತು. ಗೋಡೌನಿನಿಂದ, ಕ್ಯಾಮೆರಾಗಳ ಚಿತ್ರ ಕಳಿಸುವ ಡಬ್ಬಿಯೂ "ನಂದು" ಅನ್ನುತ್ತಿತ್ತು. ಗುಮಾಸ್ತರು ಕೆಟ್ಟಿದೆ ಅಂದಿದ್ದ ಕ್ಯಾಮೆರಾದ ಡಬ್ಬಿ. ಈ ಜಗಳದಲ್ಲಿ ಕಂಪ್ಯೂಟರಿಗೆ ಬರಬೇಕಾದ ಉತ್ತರಗಳು ಡಬ್ಬಿಗೆ ಹೋಗುತ್ತಿದ್ದವು.

"ಇಬ್ಬರಿಗೂ ಒಂದೇ ನಂಬರು ಯಾರು ಕೊಟ್ಟರು ಸಾರ್?"

"ನಾನೇ ಹೇಳಿ ಹಾಕ್ಸಿದ್ದು. ನನಗೆ ಒಂಬತ್ತೇ ಆಗಿಬರೋದು. ಕಾರು, ಫೋನು, ಎಲ್ಲ ಒಂಬತ್ತೇ."

"ಡಬ್ಬಿಗೆ ಹತ್ತು ಕೊಡೋಣ."

ಯಜಮಾನರ ಮುಖ ಗಂಟಾಯಿತು. "ಬೇರೆ ಕಂಪನಿಯವರು ಸಂಜೆಗೆ ಬರ್ತಾರೆ. ಅವರು ಒಂಬತ್ತನ್ನ ಉಳಿಸಿಕೊಡ್ತಾರೇನೋ."

ಯಾರು ಬಂದರೂ ಉಳಿಯದು ಅಂತ ವಾದಿಸಬಹುದಿತ್ತು. ಆದರೆ ಎಳನೀರು, ಮಚ್ಚು ಕಣ್ಣ ಮುಂದೆ ಬಂದವು. "ಹದಿನೆಂಟು ಕೊಟ್ಟರೆ ಸಾರ್? ಒಂದು, ಎಂಟು, ಕೂಡಿದರೆ ಒಂಬತ್ತೇ."

ಅವರು ಬೆರಳು ಮಡಚಿ ಕೂಡಿ ನೋಡಿದರು. ಮುಖ ಅರಳಿತು. "ಎರಡು ಒಂಬತ್ತು ಸೇರಿದ್ರೂ ಹದಿನೆಂಟೇ ಕಣಮ್ಮ. ಇದು ಇನ್ನೂ ಮೇಲು." ಅಲ್ಲೇ ಫೋನ್ ಮಾಡಿ ಆ ಕಂಪನಿಯವರಿಗೆ ಬರಬೇಡಿ ಅಂದರು.

ನಂಬರು ಬದಲಾಯಿಸಿದೆ. ನೆಟ್ ಬಂತು, ಮತ್ತೆ ಹೋಗಲಿಲ್ಲ. ಹಾಕಿಸಿದಂದಿನಿಂದ ಕಣ್ಣು ಬಿಡದಿದ್ದ ಗೋಡೌನ್ ಕ್ಯಾಮೆರಾ ಮೊದಲ ಬಾರಿಗೆ ಕಂಪ್ಯೂಟರಿನಲ್ಲಿ ಮೂಡಿತು. ಕೊಬ್ಬರಿ ಮೂಟೆಗಳು, ಅವುಗಳ ಮೇಲೆ ಟವೆಲ್ ಹಾಸಿಕೊಂಡು, ಬಾಯಿ ತೆರೆದು ನಿದ್ರಿಸುತ್ತಿರುವ ಗುಮಾಸ್ತರು.

ಯಜಮಾನರು ಕನ್ನಡಕ ಹಾಕಿಕೊಂಡು ನೋಡಿದರು. "ಚಿತ್ರ ಎಷ್ಟು ಸ್ಪಷ್ಟವಾಗಿದೆ ಅಲ್ವೇನಮ್ಮ" ಅಂದರು.

ಸಂಜೆ ಗುಮಾಸ್ತರು ಫೋನ್ ಮಾಡಿದರು. ತಾವು ಮಲಗುವುದು ನನ್ನ ಸಾಫ್ಟ್‌ವೇರಿನಲ್ಲಿ ಕಾಣಿಸೀತೆಂದು, ನಾನು ಬಂದಾಗಲೆಲ್ಲ ಗೋಡೌನಿಗೆ ಹೋಗಿ ಡಬ್ಬಿಯ ಸ್ವಿಚ್ ಆರಿಸಿ, ಯಜಮಾನರಿಗೆ ಅನುಮಾನ ಬಾರದಿರಲೆಂದು ನಾನು ಹೊರಟ ಮೇಲೆ ಮತ್ತೆ ಹಾಕುತ್ತಿದ್ದರಂತೆ. ನಾನಿದ್ದಾಗ ನೆಟ್ ಯಾಕೆ ಇರುತ್ತಿತ್ತು ಅಂತ ಆಗ ತಿಳಿಯಿತು.

"ಈಗ ಏನಾಗಬೇಕಿತ್ತು ಸಾರ್?" ಅಂದೆ.

"ಆ ಡಬ್ಬಿಗೆ ಹಳೇ ನಂಬರೇ ಹಾಕಿಬಿಡಿ ಮೇಡಂ" ಅಂದರು ದೀನರಾಗಿ. "ನಿಜ ಹೇಳಬೇಕು ಅಂದ್ರೆ, ಒಂಬತ್ತು ಆಗಿಬರ್ತಾ ಇದ್ದದ್ದು ನನಗೆ."