ಎಕ್ಕದ ಹುಳವೂ ನನ್ನ ಪ್ರಾತ್ಯಕ್ಷಿಕೆಯೂ

ಎಕ್ಕದ ಗಿಡದ ಹುಳದ ಬಗ್ಗೆ ಇಡೀ ಹೊಸನಗರದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಸಾಗರದಲ್ಲಿ ನಡೆಯುವ ಶಿಕ್ಷಕರ ತರಬೇತಿಯಲ್ಲಿ ಒಬ್ಬರು ಪ್ರಾತ್ಯಕ್ಷಿಕೆ ಕೊಡಬೇಕೆಂದಾಗ ಉಳಿದವರೆಲ್ಲ ಬಗ್ಗಿ ಬೆಂಚಿನ ಕೆಳಗೆ ಪೆನ್ನು ಹುಡುಕತೊಡಗಿದರು. ನಾನು ಕೈ ಎತ್ತಿದೆ. ಅದೂ ಎರಡೂ ಕೈ!

ಪಕ್ಕದ ಮನೆಯ ಗಿರಿಜಕ್ಕನ ಬೇಲಿಯಲ್ಲಿ ಎಕ್ಕದ ಗಿಡವಿದೆ. ಅದರ ಹಾಲು ವಿಷ. ದನ ಕೂಡ ಮೂಸಿ ಮುಂದೆ ಹೋಗುತ್ತದೆ. ಆದರೆ ಮಳೆ ಬಿಡುವು ಕೊಟ್ಟಾಗ ನೀಲಿ-ಹಸಿರಾಗಿ ಮಿರುಗುವ ಒಂದು ಎಲೆಜೀರುಂಡೆ ಅದನ್ನೇ ತಿನ್ನಲು ಬರುತ್ತದೆ. ಬಂದ ಕೂಡಲೇ ಬಾಯಿ ಹಾಕುವುದಿಲ್ಲ. ಮೊದಲು ಎಲೆಯ ನರವನ್ನು ಕಚ್ಚಿ ಕತ್ತರಿಸುತ್ತದೆ. ಹಾಲು ಬಸಿದುಹೋಗುವವರೆಗೆ ದೂರ ನಿಂತು ಕಾಯುತ್ತದೆ. ಆಮೇಲೆ ಕತ್ತರಿಸಿದ ಜಾಗದಿಂದ ಆಚೆಯ ಎಲೆಯನ್ನು ನಿಧಾನಕ್ಕೆ ತಿನ್ನುತ್ತದೆ. ಮುಟ್ಟಿದರೆ ಕಾಲು ಮಡಚಿ ಧೊಪ್ಪನೆ ಬಿದ್ದು ಸತ್ತಂತೆ ನಟಿಸುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ತರಬೇತಿಯ ಹಿಂದಿನ ಸಂಜೆ ಸ್ಟೀಲ್ ಡಬ್ಬಿ ಹಿಡಿದು ಬೇಲಿಗೆ ಹೋದೆ. ಹನ್ನೊಂದು ಹುಳ ಸಿಕ್ಕವು. ಅವುಗಳ ಊಟಕ್ಕೆಂದು ನಾಲ್ಕು ಎಲೆ ಕಿತ್ತೆ. ಬೆರಳಿಗೆಲ್ಲ ಹಾಲು ಮೆತ್ತಿತು.

"ಟೀಚರೇ, ಆ ಕೈ ಕಣ್ಣಿಗೆ ಹಾಕ್ಬೇಡಿ, ಮೊದ್ಲು ತೊಳ್ಕಳಿ" ಎಂದರು ಗಿರಿಜಕ್ಕ.

"ಗಿರಿಜಕ್ಕಾ, ನಾನು ಸೈನ್ಸ್ ಟೀಚರ್!" ಎಂದೆ, ಗಂಭೀರವಾಗಿ. ಅಷ್ಟರಲ್ಲಿ ಸೊಳ್ಳೆಯೊಂದು ಮುಖದ ಮೇಲೆ ಕೂತಿತು. ಸೈನ್ಸ್ ಟೀಚರ್ ಎರಡೂ ಕೈಯಿಂದ ಮುಖ ಒರೆಸಿಕೊಂಡಳು.

ಕಣ್ಣು ಸ್ವಲ್ಪ ಉರಿಯಿತು. ನೀರು ಚಿಮುಕಿಸಿದೆ. ಉರಿ ಹೋಯಿತು. ಸುದ್ದಿ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಬೆಳಿಗ್ಗೆ ಎದ್ದರೆ ಊರೆಲ್ಲ ಮಂಜು. ನಮ್ಮೂರಿಗೆ ಮಂಜು ಹೊಸದೇನಲ್ಲ. ಆದರೆ ಈ ಮಂಜು ಅಡುಗೆಮನೆಯೊಳಗೂ ಇತ್ತು!

ನನ್ನ ಗಂಡ ಬಸ್ ಕಂಡಕ್ಟರ್. ಅವತ್ತು ಅವರಿಗೆ ತೀರ್ಥಹಳ್ಳಿ ಕಡೆಯ ಮೊದಲ ಬಸ್ಸು. "ಎಂತ ಮಾರಾಯ್ತಿ, ಕಣ್ಣು ಕೆಂಪಾಗಿದೆ? ಡಾಕ್ಟ್ರಿಗೆ ತೋರ್ಸು" ಎಂದರು.

"ಮೊದ್ಲು ಪ್ರಾತ್ಯಕ್ಷಿಕೆ, ಆಮೇಲೆ ಡಾಕ್ಟ್ರು. ನೀವು ಹೊರಡಿ" ಎಂದು ಕಟ್ಟೆಯ ಮೇಲೆ ತಡಕಾಡಿ ಅವರ ತಿಂಡಿ ಡಬ್ಬಿ ಕೈಗಿಟ್ಟೆ. ಇನ್ನೊಂದನ್ನು ನನ್ನ ಚೀಲಕ್ಕೆ ಹಾಕಿಕೊಂಡು ಸಾಗರದ ಬಸ್ ಹತ್ತಿದೆ. ಬೋರ್ಡು ಓದಲಾಗದೆ ಮೂವರನ್ನು ಕೇಳಿ ಹತ್ತಿದ್ದು ಬೇರೆ ಮಾತು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನವರ ಮುಖಗಳು ಇಡ್ಲಿಗಳಂತೆ ಕಾಣುತ್ತಿದ್ದವು. ನಾನು ಧೃತಿಗೆಡಲಿಲ್ಲ. ಇಪ್ಪತ್ತು ನಿಮಿಷ ಹುಳದ ಜಾಣತನವನ್ನು ವರ್ಣಿಸಿ, ಡಬ್ಬಿ ತೆರೆದು, ಬಿಳಿ ತಟ್ಟೆಯ ಮೇಲೆ ಸುರಿದೆ. ಕಪ್ಪು ಕಪ್ಪಾಗಿ, ದುಂಡು ದುಂಡಾಗಿ ಬಿದ್ದವು.

"ನೋಡಿ, ಸತ್ತಂತೆ ನಟಿಸುತ್ತಿವೆ! ಯಾರೂ ಅಲುಗಾಡಬೇಡಿ. ಕೆಲವೇ ನಿಮಿಷಗಳಲ್ಲಿ ಎದ್ದು ನಡೆಯುತ್ತವೆ."

ಸಭೆ ಉಸಿರು ಹಿಡಿದು ಕಾಯಿತು. ಐದು ನಿಮಿಷ. ಹತ್ತು ನಿಮಿಷ. ಒಂದೂ ಏಳಲಿಲ್ಲ.

ಮುಂದಿನ ಸಾಲಿನಿಂದ ಒಬ್ಬ ಮೇಡಂ ಅಳುಕುತ್ತಾ ಕೇಳಿದರು: "ಮೇಡಂ, ಮೇಲೆ ಬಿಳಿ ಬಿಳಿ ಇದ್ಯಲ್ಲ, ಎಂತ ಅದು?"

"ಒಳ್ಳೆಯ ಪ್ರಶ್ನೆ! ಅದು ಒಣಗಿದ ಎಕ್ಕದ ಹಾಲು. ವಿಷ. ಯಾರೂ ಮುಟ್ಟಬಾರದು."

"ಇಲ್ಲ ಮೇಡಂ... ತೆಂಗಿನಕಾಯಿ ತುರಿ ಥರ ಕಾಣ್ತದೆ. ಒಗ್ಗರಣೆ ಪರಿಮಳನೂ ಬರ್ತಿದೆ."

ಆಗಲೇ ನನ್ನ ಫೋನ್ ಬಡಿದುಕೊಂಡಿತು. ಗಂಡ. ಗಾಬರಿಯಲ್ಲಿ ಒತ್ತಿದ ಗುಂಡಿ ಸ್ಪೀಕರಿನದು.

"ಏ, ಎಂತ ಕಟ್ಟಿ ಕೊಟ್ಟಿದೀಯೇ? ಎಲೆ ಹಾಸಿದೀಯಲ್ಲ, ಏನೋ ವಿಶೇಷ ಅಂದ್ಕಂಡೆ. ಕೈ ಹಾಕೋ ಹೊತ್ತಿಗೆ ತಿಂಡಿ ಎದ್ದು ಹೊರಟೋಯ್ತು! ಒಂದು ಡ್ರೈವರ್ ಹೆಗಲ ಮೇಲಿದೆ!"

ಸಭೆ ಎದ್ದು ಚಪ್ಪಾಳೆ ತಟ್ಟಿತು. ನಾನು ಹತ್ತು ನಿಮಿಷ ಪ್ರಾಣ ಬರಲೆಂದು ಕಾದಿದ್ದು ಕಡ್ಲೆ ಉಸ್ಲಿಗೆ!

ಅದೇ ಮೇಡಂ ನನ್ನ ಕೈ ಹಿಡಿದು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ತುಂಬ ಹೊತ್ತು ಕಣ್ಣು ತೊಳೆದು, ಬೆಳಕು ಬಿಟ್ಟು ನೋಡಿ, "ನಿನ್ನೆಯೇ ಬರಬೇಕಿತ್ತು. ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು" ಎಂದರು. ಡ್ರಾಪ್ಸ್ ಬರೆದುಕೊಡುತ್ತಾ ಕೇಳಿದರು: "ಎಕ್ಕದ ಹಾಲು ಅಪಾಯ ಅಂತ ನಿಮ್ಗೆ ಯಾರೂ ಹೇಳ್ಲಿಲ್ವಾ?"

"ಗೊತ್ತಿತ್ತು ಡಾಕ್ಟ್ರೇ. ಅದನ್ನೇ ಪಾಠ ಮಾಡೋಕೆ ಬಂದಿದ್ದೆ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಹೇಗೆ ನೋಡಿದರೆಂದು ಕಾಣಿಸಲಿಲ್ಲ, ಅದೊಂದು ಪುಣ್ಯ.

ಹುಳಗಳಲ್ಲಿ ಸಿಕ್ಕಿದವನ್ನೆಲ್ಲ ನನ್ನ ಗಂಡ ತೀರ್ಥಹಳ್ಳಿಯಲ್ಲಿ ರಸ್ತೆ ಬದಿಯ ಎಕ್ಕದ ಗಿಡದ ಮೇಲೆ ಬಿಟ್ಟು ಬಂದರಂತೆ. ಅವು ತಕ್ಷಣ ನರ ಕತ್ತರಿಸುವ ಕೆಲಸಕ್ಕೆ ಹತ್ತಿದವಂತೆ. ನಾನು ಸಾಗರದಲ್ಲಿ ತೋರಿಸಬೇಕಾಗಿದ್ದನ್ನೆಲ್ಲ ಅವರೊಬ್ಬರೇ ನಿಂತು ನೋಡಿದರು.

ವಾರ ಕಳೆದು ಮಂಜು ಕರಗಿತು. ತರಬೇತಿಯವರು ಶಿಕ್ಷಕರ ಅಭಿಪ್ರಾಯಗಳನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಮರಳಿ ಬಂದ ಕಣ್ಣಿನಿಂದ ನಾನು ಸ್ಪಷ್ಟವಾಗಿ ಓದಿದ ಮೊದಲ ವಾಕ್ಯ ಇದು:

"ಪ್ರಾತ್ಯಕ್ಷಿಕೆ ಬಹಳ ಪರಿಣಾಮಕಾರಿಯಾಗಿತ್ತು. ಮೇಡಂ ಡಾಕ್ಟರ ಬಳಿ ಹೋದ ಮೇಲೆ ಎಲ್ಲರೂ ಹಂಚಿಕೊಂಡೆವು. ಉಪ್ಪು ಒಂಚೂರು ಜಾಸ್ತಿ."