ಹಳ್ಳದ ಸೇತುವೆ ಮತ್ತು ನನ್ನ ಕೆಂಪು ಅಕ್ಷರ

ಕಾಂಕ್ರೀಟಿಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟರೆ ಸಾಕು, ನಾನು ಅದರ ಜಾತಕ ಹೇಳಬಲ್ಲೆ. ಇಪ್ಪತ್ತು ವರ್ಷ ರಸ್ತೆ ಇಲಾಖೆಯಲ್ಲಿ ಎಂಜಿನಿಯರಾಗಿ ಪಳಗಿದ ಕಿವಿ ಇದು. ಹಾಗಾಗಿ ಮಳೆಗಾಲ ಮುಗಿದ ಮೇಲೆ ಹರಿಹರ ಕಡೆಯ ಸಣ್ಣ ಸೇತುವೆಗಳ ಸ್ಥಿತಿ ನೋಡಿ ಬರಲು ಸಾಹೇಬರು ನನ್ನನ್ನೇ ಆರಿಸಿದಾಗ, ವಿದ್ಯಾನಗರದ ನಮ್ಮ ಮನೆಯಲ್ಲಿ ಆಶ್ಚರ್ಯಪಡದವನು ನಾನೊಬ್ಬನೇ.

"ಮೂಗು ಕಟ್ಟೈತೆ, ನಾಳೆ ಹೋಗ್ರಿ," ಅಂದಳು ಹೆಂಡತಿ ಗಿರಿಜಾ.

"ಸೇತುವೆನ ಮೂಗಿಂದ ನೋಡ್ತಾರೇನೆ?" ಎಂದು ಹೊರಟೆ.

ಉಕ್ಕಡಗಾತ್ರಿ ದಾರಿಯ ಹಳ್ಳದ ಸೇತುವೆ ನೋಡಿದವನೇ ಸುತ್ತಿಗೆ ಕೈಗೆತ್ತಿಕೊಂಡೆ. ಅದರ ಮೇಲ್ಹಾಸು ಅರ್ಧಕ್ಕರ್ಧ ಬಿರುಕು ಬಿಟ್ಟಿತ್ತು. ಸುತ್ತಿಗೆಯಿಂದ ತಟ್ಟಿದೆ. ಡೊಬ್ ಡೊಬ್. ಒಳಗೆಲ್ಲ ಪೊಳ್ಳು! ಇನ್ನೊಂದು ಏಟಿಗೆ ಅಂಗೈ ಅಗಲದ ಚಕ್ಕೆಯೇ ಎದ್ದು ಬಂತು. ಅದರಲ್ಲಿ ಹುಲ್ಲಿನ ಎಳೆಗಳಿದ್ದವು. ಕಾಂಕ್ರೀಟಿಗೆ ಹುಲ್ಲು ಬೆರೆಸಿದ ಆ ಕಂಟ್ರಾಕ್ಟರನಿಗೆ ಮನಸಾರೆ ಶಾಪ ಹಾಕಿದೆ. ಕೆಳಗಿಳಿದು ತಳವನ್ನೂ ನೋಡಬೇಕೆಂಬುದು ನಿಯಮ. ಆದರೆ ಬೀಳುವ ಸೇತುವೆಯ ಕೆಳಗೆ ಯಾವ ಬುದ್ಧಿವಂತ ಇಳಿಯುತ್ತಾನೆ?

ತಕ್ಷಣ ಎರಡೂ ಕಡೆ ಮುಳ್ಳುಕಂಟಿ ಹಾಕಿಸಿದೆ. ಪಕ್ಕದ ತಡೆಗೋಡೆಯ ಉದ್ದಕ್ಕೂ ಕೆಂಪು ಬಣ್ಣದಲ್ಲಿ 'ಅಪಾಯ, ಸಂಚಾರ ನಿಷೇಧಿಸಿದೆ' ಎಂದು ಸ್ವಹಸ್ತದಿಂದ ಬರೆದೆ. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಆಮೇಲೆ ಸಾಹೇಬರಿಗೆ ಫೋನ್ ಮಾಡಿ, "ಸರ್, ಇದನ್ನ ಕೆಡವಿ ಹೊಸದು ಕಟ್ಟೋದೇ ಸೈ," ಎಂದೆ.

"ಭೇಷ್. ನಾಳೆ ನಾನೇ ಬರ್ತೀನಿ. ನೀವು ಹೇಳಿದಂಗೇ ಇದ್ರೆ ಇನ್ಮುಂದೆ ಜಿಲ್ಲೆಯ ಎಲ್ಲಾ ಸೇತುವೆ ತಪಾಸಣೆ ನಿಮ್ಮ ಕೈಗೇ."

ಜಿಲ್ಲೆಯ ಎಲ್ಲಾ ಸೇತುವೆಗಳು! ಹಿಗ್ಗಿನಿಂದ ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

"ಅಮಾಸಿಗೆ ನಾನು, ನಮ್ಮವ್ವ ಉಕ್ಕಡಗಾತ್ರಿಗೆ ದೇವರ ದರ್ಶನಕ್ಕೆ ಹೊಂಟೀವಿ. ಅದೇ ದಾರಿ ಅಲ್ಲೇನ್ರಿ?" ಎಂದಳು ಗಿರಿಜಾ.

"ಬದುಕಿದ್ರೆ ತಾನೇ ಅಮಾಸಿ? ನಿಮ್ಮಿಬ್ರ ಜೀವ ಉಳಿಸೀನಿ ಅಂತ ತಿಳ್ಕೋ."

ಮರುದಿನ ಸಾಹೇಬರ ಜೀಪಿನಿಂದ ಇಳಿದಾಗ, ಮುಳ್ಳುಕಂಟಿಯ ಮುಂದೆ ಒಬ್ಬ ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಈ ಮುಳ್ಳು ಹಾಕ್ದೋರು ಯಾರಪ್ಪ?"

"ನಾನೇ ಅಜ್ಜಿ. ನಿಮ್ಮ ಜೀವ ಉಳಿಸಾಕೆ," ಎಂದೆ ಎದೆಯುಬ್ಬಿಸಿ.

"ಜೀವ ಇರ್ಲಿ, ನನ್ನ ರಾಗಿ ಯಾರು ತುಳೀತಾರೆ? ಸೇತುವೆ ಮ್ಯಾಲೆ ತೆನೆ ಹರವಿದ್ರೆ ಬಸ್ಸು, ಟ್ರ್ಯಾಕ್ಟರ್ ಹಾದು ಒಕ್ಕಣೆ ಆಗ್ತಿತ್ತು. ಮಣ್ಣು ಸೇರಬಾರ್ದು ಅಂತ ಮೊನ್ನೆ ನಾಕು ಪುಟ್ಟಿ ಸಗಣಿ ತಂದು ದಪ್ಪಗೆ ಬಳದೀನಿ. ಯಾವನೋ ಅದನ್ನೂ ಕೆತ್ತಿ ಹೋಗ್ಯಾನೆ."

ಸಾಹೇಬರು ನನ್ನ ಮುಖ ನೋಡಿದರು. ನಾನು ಹಳ್ಳ ನೋಡಿದೆ.

ಅಜ್ಜಿಯ ಸಲಿಕೆಯಿಂದ ಒಂದು ಮೂಲೆ ಕೆರೆಸಿ, ನೀರು ಹುಯ್ಯಿಸಿದರು. ಅಡಿಯಲ್ಲಿ ಕಾಂಕ್ರೀಟು ಕಲ್ಲಿನಂತೆ ಕೂತಿತ್ತು. ಸಾಹೇಬರು ಪ್ಯಾಂಟು ಮಡಚಿ ಹಳ್ಳಕ್ಕಿಳಿದು ತಳವನ್ನೂ ನೋಡಿ ಬಂದರು. ಒಂದು ಗೀರೂ ಇರಲಿಲ್ಲ.

"ವಾಸನೆನಾದ್ರೂ ಬರ್ಲಿಲ್ಲೇನ್ರಿ ನಿಮಗೆ?"

"ನೆಗಡಿ ಸರ್."

ಸಾಹೇಬರು ಅಲ್ಲೇ ನಿಂತು ವರದಿ ಬರೆದರು. ಸೇತುವೆ ಸುಸ್ಥಿತಿಯಲ್ಲಿದೆ. ಹಾನಿ: ತಡೆಗೋಡೆಯ ಮೇಲೆ ಕೆಂಪು ಬಣ್ಣ ಮಾತ್ರ. "ಬರೆದೋರೇ ಅಳಿಸ್ರಿ," ಎಂದು ಜೀಪು ಹತ್ತಿದರು. ಜಿಲ್ಲೆಯ ಸೇತುವೆಗಳ ಮಾತು ಅವರೂ ಎತ್ತಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ.

ಒಳ್ಳೆಯ ಬಣ್ಣವನ್ನೇ ತರಿಸಿದ್ದೆ, ಅದು ನನ್ನ ದುರದೃಷ್ಟ. ಸೀಮೆಎಣ್ಣೆ, ತಂತಿ ಬ್ರಷ್ಷು ಹಿಡಿದು ತಿಕ್ಕಿದರೂ 'ಅಪಾಯ' ಹೋಗಲೊಲ್ಲದು. ಅಮಾವಾಸ್ಯೆಯ ದಿನವೂ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ತಿಕ್ಕುತ್ತಿದ್ದೆ. ಭಕ್ತರಿಂದ ತುಂಬಿದ ಬಸ್ಸೊಂದು ಅಜ್ಜಿಯ ರಾಗಿಯ ಮೇಲೆ ನಿಧಾನವಾಗಿ ಹಾದುಹೋಯಿತು.

ಕಿಟಕಿಯಲ್ಲಿ ಕೂತಿದ್ದ ನಮ್ಮತ್ತೆ, "ಗಿರಿಜಾ, ಅವರು ನಮ್ಮ ಅಳಿಯಂದಿರು ಅಲ್ಲೇನೇ?" ಎಂದರಂತೆ.

ಗಿರಿಜಾ ಸೆರಗು ಮುಂದಕ್ಕೆಳೆದುಕೊಂಡು ಅಂದಳಂತೆ: "ಅಲ್ಲ ಬಿಡವ್ವ, ನಮ್ಮನೆಯೋರು ಎಂಜಿನಿಯರ್ರು."